ಮೇಲ್ದವಡೆಗೆ ಸಣ್ಣ ಸ್ಕ್ರೂ: ಯಾವ ಜಾಗ ಸುರಕ್ಷಿತ, ಹೇಗೆ ಆರಿಸ್ತಾರೆ?

ಎಸ್ಸೆಸ್‌ಪುರಂ ಅಮ್ಮ (ತುಮಕೂರು)

ನಮಸ್ಕಾರ ಎಲ್ಲರಿಗೂ. ಮಗಳಿಗೆ 17 ವರ್ಷ. ಉಬ್ಬುಹಲ್ಲಿಗೆ ಅಂತ ಹೋದ ವರ್ಷ ಕ್ಲಿಪ್ ಹಾಕಿಸಿದೆವು. ಮೇಲೆ ಎರಡೂ ಕಡೆ ಒಂದೊಂದು ಹಲ್ಲು ತೆಗೆದಿದ್ದಾರೆ. ಹಲ್ಲು ಈಗ ಸಾಲಾಗಿ ಬಂದಿವೆ. ಇನ್ನು ಮುಂದಿನ ಹಲ್ಲುಗಳನ್ನು ಹಿಂದಕ್ಕೆ ಎಳೆಯಬೇಕಂತೆ. ಅದಕ್ಕೆ ದವಡೆ ಮೂಳೆಗೆ ಆ ಕಡೆ ಒಂದು, ಈ ಕಡೆ ಒಂದು ಪುಟ್ಟ ಸ್ಕ್ರೂ ಹಾಕ್ತೀವಿ ಅಂದಿದ್ದಾರೆ ಡಾಕ್ಟ್ರು. "ಏನೂ ಆಗಲ್ಲಮ್ಮ, ಹತ್ತು ನಿಮಿಷದ ಕೆಲಸ" ಅಂದರು. ಹೊರಗೆ ಜನ ಕಾಯ್ತಾ ಇದ್ದರು, ನಾನೂ ಜಾಸ್ತಿ ಕೇಳಲಿಲ್ಲ.

ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು "ಮೂಳೆಗೆ ಮೊಳೆ ಹೊಡೀತಾರಾ?" ಅಂತ ಹಿಡಿದು ಕೂತಿದ್ದಾರೆ. ಅವರ ಪ್ರಶ್ನೆ ಇಷ್ಟೇ. ಬೇರು ಒಳಗಿರುತ್ತೆ, ಕಣ್ಣಿಗೆ ಕಾಣಲ್ಲ. ಹಾಗಿದ್ದ ಮೇಲೆ ಸ್ಕ್ರೂ ಬೇರಿಗೆ ತಾಗಲ್ಲ ಅಂತ ಹೇಗೆ ಗೊತ್ತಾಗುತ್ತೆ? ನರಕ್ಕೆ ತಾಗಿದರೆ? ನನ್ನದೂ ಒಂದಿದೆ. ಕ್ಲಿಪ್ ಹಾಕೋ ಮೊದಲು ತೆಗೆಸಿದ ದೊಡ್ಡ ಎಕ್ಸ್‌ರೇ ಮನೆಯಲ್ಲಿದೆ. ಅದು ಸಾಕಾ, ಇಲ್ಲ ಸ್ಕ್ಯಾನ್‌ಗೆ ಬೆಂಗಳೂರಿಗೆ ಹೋಗಬೇಕಾ? ಗೊತ್ತಿರೋರು ದಯವಿಟ್ಟು ತಿಳಿಸಿ.

ಗುಬ್ಬಿ ಹುಡುಗ

ನಂಗೂ ಹಾಕಿದ್ದರು ಅಕ್ಕ. ಹಾಕುವಾಗ ನೋವು ಅಂತ ಏನೂ ಇಲ್ಲ, ಹೆದರಬೇಡಿ. ಆದರೆ ಒಂದು ಸಡಿಲವಾಗಿ ಕೈಗೇ ಬಂತು. ಡ್ಯೂಟಿಯಲ್ಲಿದ್ದೀನಿ, ರಾತ್ರಿ ಬರೀತೀನಿ.

ಕ್ಲಿಪ್ ಡಾಕ್ಟ್ರು (ಚಿಕ್ಕಬಳ್ಳಾಪುರ)

ಮೇಡಂ, ನಿಮ್ಮ ಯಜಮಾನರು ಕೇಳಿದ್ದು ಸರಿಯಾದ ಪ್ರಶ್ನೆ. ಈ ಕೆಲಸದಲ್ಲಿ ಸ್ಕ್ರೂ ತಿರುಗಿಸೋದು ಸುಲಭ. ಜಾಗ ಆರಿಸೋದೇ ಕೆಲಸ.

ಮೊದಲು ಸ್ಕ್ರೂ ಯಾಕೆ ಅಂತ ಹೇಳಿಬಿಡ್ತೀನಿ. ಮುಂದಿನ ಹಲ್ಲುಗಳನ್ನು ಹಿಂದಿನ ದವಡೆಹಲ್ಲಿಗೆ ಕಟ್ಟಿ ಎಳೆದರೆ ದವಡೆಹಲ್ಲೂ ಮುಂದಕ್ಕೆ ಸರಿದು ಬರುತ್ತೆ. ಹಲ್ಲು ತೆಗೆಸಿ ಮಾಡಿಕೊಂಡ ಜಾಗದಲ್ಲಿ ಒಂದಿಷ್ಟು ಅಲ್ಲೇ ಖರ್ಚಾಗಿಹೋಗುತ್ತೆ. ಉಬ್ಬು ಜಾಸ್ತಿ ಇದ್ದವರಿಗೆ ಈ ನಷ್ಟ ತಡೆಯೋಕಾಗಲ್ಲ. ಅದಕ್ಕೇ ಎಳೆತವನ್ನು ಮೂಳೆಗೆ ಹಾಕೋದು.

ಹಲ್ಲು ತೆಗೆದ ಕೇಸಿನಲ್ಲಿ ಸಾಮಾನ್ಯವಾಗಿ ಆರಿಸೋ ಜಾಗ ಕೆನ್ನೆಯ ಕಡೆ, ಮೊದಲ ದೊಡ್ಡ ದವಡೆಹಲ್ಲು ಮತ್ತು ಅದರ ಮುಂದಿನ ಸಣ್ಣ ದವಡೆಹಲ್ಲಿನ ಬೇರುಗಳ ನಡುವೆ. ಸಣ್ಣದನ್ನು ನಾವು ಪ್ರೀಮೋಲಾರ್ ಅಂತೀವಿ. ಲೆಕ್ಕ ಹೀಗೆ. ಸ್ಕ್ರೂ ದಪ್ಪ 1.3ರಿಂದ 1.5 ಮಿ.ಮೀ. ಅಂತ ಇಟ್ಟುಕೊಳ್ಳಿ. ಎರಡೂ ಬದಿ ಬೇರಿಗೂ ಸ್ಕ್ರೂಗೂ ನಡುವೆ ಕನಿಷ್ಠ ಒಂದೊಂದು ಮಿ.ಮೀ. ಮೂಳೆ ಇರಬೇಕು. ಅಂದರೆ ಎರಡು ಬೇರುಗಳ ನಡುವೆ ಮೂರೂವರೆ ಮಿ.ಮೀ. ಸಿಕ್ಕರೆ ಮಾತ್ರ ನೆಮ್ಮದಿ.

ಈಗ ಕಷ್ಟ ಎಲ್ಲಿದೆ ನೋಡಿ. ಬೇರು ಮೇಲೆ ಹೋದಂತೆ ಸಣ್ಣ ಆಗುತ್ತೆ. ಹಾಗಾಗಿ ಮೇಲೆ ಹೋದಷ್ಟೂ ನಡುವೆ ಜಾಗ ಜಾಸ್ತಿ. ಹಾಗಾದರೆ ಇನ್ನೂ ಮೇಲೆಯೇ ಹಾಕಬಹುದಲ್ವಾ? ಆಗಲ್ಲ. ಎರಡು ಅಡ್ಡಿ ಇದೆ. ಒಂದು ವಸಡು, ಇನ್ನೊಂದು ಸೈನಸ್, ಅಂದರೆ ಮೇಲ್ದವಡೆ ಮೂಳೆಯೊಳಗೆ ಬೇರುಗಳ ಮೇಲಿರೋ ಗಾಳಿಯ ಗೂಡು.

ವಸಡಿನ ವಿಷಯ ಕನ್ನಡಿ ಮುಂದೆ ನಿಂತು ನೀವೇ ನೋಡಬಹುದು. ಮಗಳ ಕೆನ್ನೆಯನ್ನು ಬೆರಳಲ್ಲಿ ಹೊರಗೆ ಎಳೆದು ಆಡಿಸಿ. ಹಲ್ಲಿಗೆ ಅಂಟಿಕೊಂಡ ಪಟ್ಟಿಯಷ್ಟು ವಸಡು ಅಲ್ಲಾಡಲ್ಲ. ಅದು ತಿಳಿ ಗುಲಾಬಿ ಬಣ್ಣ, ಹತ್ತಿರದಿಂದ ನೋಡಿದರೆ ಕಿತ್ತಳೆ ಸಿಪ್ಪೆಯ ಥರ ಸಣ್ಣ ಸಣ್ಣ ಗುಳಿ. ಅದರ ಮೇಲೆ ಒಂದು ಗೆರೆ ಕಾಣುತ್ತೆ. ಗೆರೆಯಿಂದಾಚೆ ಕೆಂಪು, ನುಣುಪು, ಕೆನ್ನೆ ಎಳೆದಂತೆ ಜೊತೆಯಲ್ಲೇ ಆಡುತ್ತೆ. ಸ್ಕ್ರೂ ತಲೆ ಆಡದ ಪಟ್ಟಿಯಲ್ಲಿ ಕೂತರೆ ಸುತ್ತ ವಸಡು ಗಟ್ಟಿಯಾಗಿ ನಿಲ್ಲುತ್ತೆ, ಉಜ್ಜೋದೂ ಸುಲಭ. ಆಡೋ ವಸಡಲ್ಲಿ ಕೂತರೆ ಮಾತಾಡಿದಾಗ, ತಿಂದಾಗ ಎಲ್ಲಾ ತಿಕ್ಕಾಡುತ್ತೆ. ವಸಡು ಊದಿ ತಲೆಯನ್ನೇ ಮುಚ್ಚಿಬಿಡೋದೂ ಉಂಟು.

ಅಂದರೆ ಬೇರಿನ ಲೆಕ್ಕಕ್ಕೆ ಮೇಲಿನ ಜಾಗ ಒಳ್ಳೆಯದು, ವಸಡಿನ ಲೆಕ್ಕಕ್ಕೆ ಕೆಳಗಿನ ಜಾಗ ಒಳ್ಳೆಯದು. ಇದಕ್ಕೆ ನಾವು ಮಾಡೋ ಉಪಾಯ ಓರೆಯಾಗಿ ಹಾಕೋದು. ತಲೆಯನ್ನು ಆ ಗೆರೆಯ ಹತ್ತಿರವೇ ಇಟ್ಟು ತುದಿಯನ್ನು ಮೇಲ್ಮುಖವಾಗಿ, ಅಗಲ ಇರೋ ಕಡೆಗೆ ಕಳಿಸ್ತೀವಿ. ಕೊರಿಯಾದ ಪಾರ್ಕ್ ಮತ್ತು ಅವರ ತಂಡದವರು ಮೇಲ್ದವಡೆಗೆ ಹಲ್ಲಿನ ಉದ್ದಕ್ಕೆ 30ರಿಂದ 40 ಡಿಗ್ರಿ, ಕೆಳದವಡೆಗೆ 10ರಿಂದ 20 ಡಿಗ್ರಿ ಅಂತ ಹೇಳಿದ್ದಾರೆ. ಓರೆ ಹಾಕಿದರೆ ಹೊರಗಿನ ಗಟ್ಟಿ ಮೂಳೆಯಲ್ಲಿ ಹಿಡಿತವೂ ಜಾಸ್ತಿ. ಆದರೆ ಸೈನಸ್ ಕೆಳಕ್ಕೆ ಇಳಿದಿರೋರಿಗೆ ಇಷ್ಟು ಓರೆ ಮಾಡಿದರೆ ತುದಿ ಅಲ್ಲಿಗೇ ಹೋಗುತ್ತೆ. ಅವರಿಗೆ ಹೆಚ್ಚುಕಮ್ಮಿ ನೇರವಾಗಿಯೇ ಹಾಕಬೇಕು.

ನರದ ಭಯ ಮೇಲ್ದವಡೆಯ ಈ ಜಾಗದಲ್ಲಿ ಬೇಡ. ದೊಡ್ಡ ನರ ಇರೋದು ಕೆಳದವಡೆಯಲ್ಲಿ. ಎಕ್ಸ್‌ರೇ ವಿಷಯ ಸಂಜೆ ಬರೀತೀನಿ, ರೋಗಿಗಳು ಬಂದರು.

ಕೆಜಿಎಫ್ ಪಿಜಿ

ನಾನು ಈ ವಿಷಯದಲ್ಲೇ ಪಿಜಿ ಓದ್ತಾ ಇದ್ದೀನಿ. ಡಾಕ್ಟ್ರು ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೀನಿ.

ಇದು ಹೊಸ ಪ್ರಯೋಗ ಏನಲ್ಲ. 1983ರಲ್ಲಿ ಅಮೆರಿಕದ ಕ್ರೀಕ್‌ಮೋರ್ ಮತ್ತು ಎಕ್ಲಂಡ್ ಮೂಗಿನ ಕೆಳಗಿನ ಮೂಳೆಗೆ ಸ್ಕ್ರೂ ಹಾಕಿ ಮೇಲಿನ ಮುಂದಿನ ಹಲ್ಲುಗಳನ್ನು ಮೇಲಕ್ಕೆ ಸರಿಸಿ ತೋರಿಸಿದರು. 1997ರಲ್ಲಿ ಜಪಾನಿನ ಕಾನೋಮಿ 1.2 ಮಿ.ಮೀ. ದಪ್ಪ, 6 ಮಿ.ಮೀ. ಉದ್ದದ ಸ್ಕ್ರೂ ಬಗ್ಗೆ ಬರೆದರು. ಬೇರುಗಳ ನಡುವೆ ಹಿಡಿಸೋ ಅಷ್ಟು ಸಣ್ಣ ಸ್ಕ್ರೂ ಬಳಕೆ ಆಮೇಲೆಯೇ ಹಬ್ಬಿದ್ದು.

ಜಾಗದ ನಕ್ಷೆ ಅಂತ ನಮಗೆ ಮೊದಲು ಓದಿಸೋದು 2006ರ ಪೊಜಿಯೊ ತಂಡದ ಕೆಲಸ. 25 ಮೇಲ್ದವಡೆ, 25 ಕೆಳದವಡೆಯ ಸ್ಕ್ಯಾನ್ ಇಟ್ಟುಕೊಂಡು ಪ್ರತಿ ಎರಡು ಹಲ್ಲಿನ ನಡುವೆ ಬೇರೆ ಬೇರೆ ಎತ್ತರದಲ್ಲಿ ಎಷ್ಟು ಮೂಳೆ ಇದೆ ಅಂತ ಅಳೆದರು. ಮೇಲ್ದವಡೆಯಲ್ಲಿ ಹಲ್ಲಿಂದ ಹಲ್ಲಿಗೆ ಜಾಸ್ತಿ ಅಗಲ ಸಿಕ್ಕಿದ್ದು ಇದೇ ಪ್ರೀಮೋಲಾರ್ ಮತ್ತು ದವಡೆಹಲ್ಲಿನ ನಡುವೆ. ಆದರೆ ಕೆನ್ನೆ ಕಡೆ ಅಲ್ಲ, ಅಂಗುಳದ ಕಡೆ! ಕಾರಣ ಸರಳ. ಮೇಲಿನ ದವಡೆಹಲ್ಲಿಗೆ ಮೂರು ಬೇರು. ಕೆನ್ನೆ ಕಡೆ ಎರಡು, ಅಂಗುಳದ ಕಡೆ ಒಂದೇ. ಒಂದೇ ಬೇರು ಇರೋ ಕಡೆ ಜಾಗ ಸಹಜವಾಗಿ ಜಾಸ್ತಿ. ತೀರಾ ಕೆಟ್ಟ ಜಾಗ ಅಂದರೆ ಕೊನೆಯ ದವಡೆಹಲ್ಲಿನ ಹಿಂದಿನ ಗಡ್ಡೆ, ಟ್ಯುಬರಾಸಿಟಿ.

ಕೆನ್ನೆ ಕಡೆಯಲ್ಲಿ ಅವರು ಹೇಳಿದ ಎತ್ತರ, ಹಲ್ಲುಗಳ ನಡುವಿನ ಮೂಳೆಯ ಅಂಚಿನಿಂದ 5ರಿಂದ 8 ಮಿ.ಮೀ. ದವಡೆಹಲ್ಲಿನ ಭಾಗದಲ್ಲಿ ಅದಕ್ಕಿಂತ ಮೇಲೆ ಹೋದರೆ ಸೈನಸ್ ಸಿಗೋ ಸಾಧ್ಯತೆ ಜಾಸ್ತಿ.

ನನ್ನ ಅಭಿಪ್ರಾಯ ಕೇಳಿದರೆ ಎಲ್ಲರಿಗೂ ಸಿಬಿಸಿಟಿ, ಅಂದರೆ ದವಡೆಯ 3ಡಿ ಸ್ಕ್ಯಾನ್, ತೆಗೆದೇ ಹಾಕಬೇಕು. ಕಣ್ಣುಮುಚ್ಚಿ ಯಾಕೆ ಹಾಕಬೇಕು ಹೇಳಿ?

ಕೋಲಾರದ ಹಳೇ ಕ್ಲಿನಿಕ್

ಪಿಜಿ ಸಾಹೇಬರೇ, ಬಾಯಿಪಾಠ ಚೆನ್ನಾಗಿದೆ. ಆದರೆ ಆ ನಕ್ಷೆಯಲ್ಲಿರೋದು 25 ಜನರ ಸರಾಸರಿ. ಈ ಅಮ್ಮನ ಮಗಳು ಆ ಇಪ್ಪತ್ತೈದರಲ್ಲಿಲ್ಲ. ನಕ್ಷೆ ನೋಡಿಕೊಂಡು ಎಲ್ಲಿ ಹುಡುಕಬೇಕು ಅಂತ ತಿಳಿದುಕೊಳ್ಳಿ. ಎಲ್ಲಿ ಹಾಕಬೇಕು ಅನ್ನೋದನ್ನು ಆ ಹುಡುಗಿಯ ಫಿಲ್ಮೇ ಹೇಳಬೇಕು.

ಅಮ್ಮ, ನಿಮ್ಮ ಹತ್ತಿರ ಇರೋ ದೊಡ್ಡ ಎಕ್ಸ್‌ರೇ ಅಂದರೆ ಒಪಿಜಿ. ಅದನ್ನು ನಂಬಿ ಸ್ಕ್ರೂ ಹಾಕಬಾರದು, ಎರಡು ಕಾರಣಕ್ಕೆ. ಒಂದು, ಅದು ಕ್ಲಿಪ್ ಹಾಕೋ ಮೊದಲಿನದು. ಆಮೇಲೆ ಹಲ್ಲುಗಳೆಲ್ಲಾ ಸರಿದಿವೆ, ಬೇರುಗಳ ಓರೆಯೂ ಬದಲಾಗಿದೆ. ಎರಡು, ಒಪಿಜಿಯಲ್ಲಿ ಕಿರಣ ಪ್ರೀಮೋಲಾರ್ ಭಾಗಕ್ಕೆ ನೇರವಾಗಿ ಬೀಳಲ್ಲ. ಪಕ್ಕದ ಹಲ್ಲುಗಳು ಒಂದರ ಮೇಲೊಂದು ಬಂದ ಹಾಗೆ ಕಾಣುತ್ತವೆ. ಇರೋ ಜಾಗ ಇಲ್ಲದ ಹಾಗೂ, ಇಲ್ಲದ ಜಾಗ ಇರೋ ಹಾಗೂ ತೋರಿಸುತ್ತೆ. ಬುದ್ಧಿಹಲ್ಲು ಎಲ್ಲಿದೆ, ಹುಟ್ಟದ ಹಲ್ಲು ಏನಾದರೂ ಇದೆಯಾ ಅಂತ ನೋಡೋಕೆ ಒಪಿಜಿ ಚೆನ್ನಾಗಿದೆ. ಮಿಲಿಮೀಟರ್ ಅಳೆಯೋಕೆ ಅಲ್ಲ.

ಆ ಜಾಗದ್ದೇ ಸಣ್ಣ ಫಿಲ್ಮ್ ಒಂದು ತೆಗೀಬೇಕು. ನಾವು ಐಒಪಿಎ ಅನ್ನೋದು. ನೇರವಾಗಿ ತೆಗೆದಿರಬೇಕು. ಅಲ್ಲೇ ಹಿತ್ತಾಳೆ ತಂತಿಯ ಚೂರೊಂದನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಸ್ಕ್ರೂ ಹಾಕೋ ಎತ್ತರಕ್ಕೆ ಬಗ್ಗಿಸಿ ಫಿಲ್ಮ್ ತೆಗೆದರೆ, ತಂತಿಯ ತುದಿ ಎರಡು ಬೇರಿನ ನಡುವೆ ಬೀಳ್ತಾ ಇದೆಯಾ ಇಲ್ಲವಾ ಅಂತ ಕಣ್ಣಾರೆ ಕಾಣುತ್ತೆ. ಅದೇನು ದುಬಾರಿ ತಂತ್ರ ಅಲ್ಲ.

ಮತ್ತೆ ಈ ಸಿಬಿಸಿಟಿ ಹುಚ್ಚು. 17 ವರ್ಷದ ಹುಡುಗಿಗೆ ಎರಡು ಸ್ಕ್ರೂ ಹಾಕೋಕೆ ಇಡೀ ದವಡೆ ಸ್ಕ್ಯಾನ್ ಮಾಡಿಸಬೇಕಾ? ವಿಕಿರಣ ಸುಮ್ನೆ ಸಿಗುತ್ತೆ ಅಂತ ಕೊಡೋದಾ?

ಕೆಜಿಎಫ್ ಪಿಜಿ

ಸರ್, ಸಣ್ಣ ಫಿಲ್ಮ್ ತೋರಿಸೋದು ಎರಡೇ ಆಯಾಮ. ಬೇರು ಹಿಂದೆ ಮುಂದೆ ಇದ್ದರೆ ಗೊತ್ತಾಗಲ್ಲ. ಮೂಳೆಯ ಹೊರಪದರ ಎಷ್ಟು ದಪ್ಪ ಅನ್ನೋದೂ ಗೊತ್ತಾಗಲ್ಲ. ಹೊರಪದರ ಕನಿಷ್ಠ 1 ಮಿ.ಮೀ. ಇದ್ದರೆ ಸ್ಕ್ರೂ ಚೆನ್ನಾಗಿ ನಿಲ್ಲುತ್ತೆ ಅಂತ ಓದಿದ್ದೀವಿ. ಅದನ್ನು ಐಒಪಿಎಯಲ್ಲಿ ಹೇಗೆ ಅಳೀತೀರಿ?

ಕೋಲಾರದ ಹಳೇ ಕ್ಲಿನಿಕ್

ಅಳೆಯಲ್ಲ ಮಗಾ. ಸ್ಕ್ರೂಡ್ರೈವರ್ ಕೈಯಲ್ಲಿದ್ದಾಗ ಮೂಳೆಯೇ ಹೇಳುತ್ತೆ.

ಕ್ಲಿಪ್ ಡಾಕ್ಟ್ರು (ಚಿಕ್ಕಬಳ್ಳಾಪುರ)

ಇಬ್ಬರದ್ದೂ ಅರ್ಧರ್ಧ ಸರಿ. ಈ ಸಲ ನಾನು ಹಳೇ ಕ್ಲಿನಿಕ್ ಸರ್ ಕಡೆಗೇ ಸ್ವಲ್ಪ ವಾಲ್ತೀನಿ. ಕೆನ್ನೆ ಕಡೆಯ ಮಾಮೂಲಿ ಜಾಗಕ್ಕೆ, ಹಲ್ಲುಗಳು ಸಾಲಾಗಿ ಬಂದ ಮೇಲೆ, ಒಳ್ಳೆಯ ಐಒಪಿಎ ಸಾಕು. ಒಂದು ಫಿಲ್ಮಿನಲ್ಲಿ ಅನುಮಾನ ಬಂದರೆ ಎಕ್ಸ್‌ರೇ ಟ್ಯೂಬನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಇನ್ನೊಂದು ತೆಗೀತೀವಿ. ಸ್ಕ್ಯಾನ್ ಬೇಕಾಗೋ ಕೇಸು ಬೇರೆ ಇವೆ. ಬೇರುಗಳು ಒತ್ತೊತ್ತಾಗಿದ್ದಾಗ, ಸೈನಸ್ ತೀರಾ ಕೆಳಗಿಳಿದಿದ್ದಾಗ, ಮೂಳೆಯಲ್ಲೇ ಸಿಕ್ಕಿಹಾಕಿಕೊಂಡ ಹಲ್ಲು ಇದ್ದಾಗ, ಅಂಗುಳದಲ್ಲಿ ಹಾಕುವಾಗ ಮೂಳೆ ಎಷ್ಟಿದೆ ಅನ್ನೋ ಅನುಮಾನ ಬಂದಾಗ. ಆಗಲೂ ಆ ಭಾಗದ್ದಷ್ಟೇ ಸಣ್ಣ ಸ್ಕ್ಯಾನ್ ಕೇಳಬಹುದು. ಬೇರೆ ಯಾವುದೋ ಕಾರಣಕ್ಕೆ ಮೊದಲೇ ಸಿಬಿಸಿಟಿ ತೆಗೆಸಿದ್ದರೆ ಅದನ್ನು ನೋಡದೆ ಹಾಕೋದು ಮಾತ್ರ ದಡ್ಡತನ.

ಬೇರಿಗೆ ತಾಗದಂತೆ ಇನ್ನೊಂದು ಕಾವಲು ಇದೆ. ಇದನ್ನು ರೋಗಿಗಳಿಗೆ ಯಾರೂ ಹೇಳಲ್ಲ. ಸ್ಕ್ರೂ ಹಾಕುವಾಗ ಹಲ್ಲು ಕೀಳೋ ಹಾಗೆ ಪೂರ್ತಿ ಮರಗಟ್ಟಿಸೋದಿಲ್ಲ. ವಸಡು ಮತ್ತು ಮೂಳೆಯ ಮೇಲ್ಪದರ ಮರಗಟ್ಟುವಷ್ಟು ಸ್ವಲ್ಪವೇ ಮದ್ದು. ಹಲ್ಲಿನ ಬೇರಿನ ಸುತ್ತ ಇರೋ ಪೊರೆಗೆ ಅರಿವು ಉಳಿದಿರಬೇಕು. ಸ್ಕ್ರೂ ಬೇರಿನ ಹತ್ತಿರ ಹೋದರೆ ಹುಡುಗಿಗೆ "ಚುರಕ್" ಅನ್ನುತ್ತೆ. ಅವಳು ಕೈ ಎತ್ತುತ್ತಾಳೆ, ನಾವು ನಿಲ್ಲಿಸ್ತೀವಿ, ಹಿಂದಕ್ಕೆ ತಿರುಗಿಸಿ ದಿಕ್ಕು ಬದಲಿಸ್ತೀವಿ. ಅದಕ್ಕೇ ಮಗಳಿಗೆ ಮೊದಲೇ ಹೇಳಿಡಿ: ಒತ್ತಿದ ಹಾಗಾದರೆ ಪರವಾಗಿಲ್ಲ, ಹಲ್ಲಿಗೆ ಚುರಕ್ ಅಂದರೆ ತಕ್ಷಣ ಹೇಳಬೇಕು. ಸಹಿಸಿಕೊಂಡು ಕೂರಬಾರದು. ನಮ್ಮ ಕಡೆ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳೋದೇ ಇಲ್ಲ, ಅದೇ ದೊಡ್ಡ ತಾಪತ್ರಯ.

ಕೈಗೂ ಗೊತ್ತಾಗುತ್ತೆ. ಮೊದಲ ಗಟ್ಟಿ ಪದರ ದಾಟೋವರೆಗೆ ಬಿಗಿ, ಆಮೇಲೆ ಸ್ವಲ್ಪ ಸಲೀಸು. ನಡುವೆ ಇದ್ದಕ್ಕಿದ್ದ ಹಾಗೆ ಗಪ್ಪಂತ ಬಿಗಿಯಾದರೆ ಅಲ್ಲಿ ಬೇರು ಇರಬಹುದು. ಜಪಾನಿನ ಮೊಟೊಯೋಶಿ ತಂಡ 2006ರಲ್ಲಿ ತಿರುಗಿಸೋ ಬಲ 5ರಿಂದ 10 ನ್ಯೂಟನ್ ಸೆಂಟಿಮೀಟರ್ ಒಳಗಿದ್ದರೆ ಒಳ್ಳೆಯದು ಅಂತ ಬರೆದಿದೆ. ತೀರಾ ಸಡಿಲವೂ ಕೆಟ್ಟದ್ದೇ, ತೀರಾ ಬಿಗಿಯೂ ಕೆಟ್ಟದ್ದೇ.

ಒಂದು ವೇಳೆ ತಾಗಿದರೂ ಬೇರು ಹಾಳಾಗಿಹೋಯ್ತು ಅಂತಲ್ಲ. ಮೇಲ್ಮೈ ಗೀರಿದ್ದರೆ ಸ್ಕ್ರೂ ತೆಗೆದ ಮೇಲೆ ಆ ಗಾಯದ ಮೇಲೆ ಹೊಸ ಪದರ ಕಟ್ಟಿಕೊಳ್ಳುತ್ತೆ. ಹಲ್ಲಿನ ಒಳಗಿನ ನರದವರೆಗೆ ಹೋದರೆ ಮಾತ್ರ ಕಷ್ಟ. ಕೈಯಲ್ಲಿ ನಿಧಾನವಾಗಿ ಹಾಕಿದರೆ ಅಲ್ಲಿವರೆಗೆ ಹೋಗೋದು ಅಪರೂಪ.

ಗುಬ್ಬಿ ಹುಡುಗ

ಬಂದೆ. ನನ್ನ ಕತೆ ಹೇಳ್ತೀನಿ ಅಕ್ಕ. ಎಡಗಡೆ ಮೇಲಿನ ಸ್ಕ್ರೂ. ಕ್ಲಿನಿಕ್ ಹೆಸರು ಬೇಡ. ಡಾಕ್ಟ್ರು ಮೇಲೆ ಹೇಳಿದ ಗೆರೆ ಇದೆಯಲ್ಲ, ಅದಕ್ಕಿಂತ ಚೆನ್ನಾಗಿ ಮೇಲಕ್ಕೆ ಹಾಕಿದ್ದರು. ಕೆನ್ನೆ ಎಳೆದು ಕನ್ನಡಿಯಲ್ಲಿ ಈಗ ನೋಡಿಕೊಂಡೆ, ಹಳೇ ಕಲೆ ಕೆಂಪು ಭಾಗದಲ್ಲೇ ಇದೆ. ಸ್ವಲ್ಪ ದಿನಕ್ಕೆ ವಸಡು ಊದಿ ಸ್ಕ್ರೂ ತಲೆಯೇ ಕಾಣದ ಹಾಗಾಯ್ತು. ಬ್ರಷ್ ತಾಗಿದರೆ ರಕ್ತ. ಆಮೇಲೆ ನಾಲಿಗೆಯಲ್ಲಿ ಆಡಿಸಿದರೆ ಅಲ್ಲಾಡ್ತಿತ್ತು. ಸ್ಪ್ರಿಂಗ್ ಬದಲಿಸೋಕೆ ಹೋದಾಗ ಡಾಕ್ಟ್ರ ಕೈಗೇ ಬಂತು. "ನೀನು ಸರಿಯಾಗಿ ಉಜ್ಜಿಲ್ಲ" ಅಂತ ನನಗೇ ಬೈದರು. ಬಲಗಡೆಯದನ್ನೂ ಅದೇ ಬ್ರಷ್‌ನಲ್ಲಿ ಉಜ್ಜಿದ್ದು, ಅದು ಕೊನೆವರೆಗೂ ಗಟ್ಟಿಯಾಗಿಯೇ ಇತ್ತಲ್ಲ?

ಎರಡನೇ ಸಲ ಎಡಗಡೆಗೆ ಕೆಳಗೆ, ಗೆರೆ ಹತ್ತಿರ ಹಾಕಿದರು. ಅದು ನಿಂತಿತು.

ಕೆಜಿಎಫ್ ಪಿಜಿ

ಬೀಳೋದು ಅಪರೂಪ ಅಲ್ಲ ಅಂತ ಈ ಅಕ್ಕನಿಗೂ ಗೊತ್ತಿರಲಿ. 2012ರಲ್ಲಿ ಪಾಪಜಾರ್ಜಿಯೂ ತಂಡದವರು ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿದರು. ಸುಮಾರು 5000 ಸ್ಕ್ರೂಗಳ ಲೆಕ್ಕ. ನೂರಕ್ಕೆ 13.5 ಸಡಿಲವಾಗಿದ್ದವು ಅಥವಾ ಬಿದ್ದಿದ್ದವು. ಕೆಳದವಡೆಯಲ್ಲಿ ಮೇಲ್ದವಡೆಗಿಂತ ಜಾಸ್ತಿ.

ಪಾವಗಡ ಮೇಷ್ಟ್ರು

ಕೆಳದವಡೆ ಮೂಳೆ ಗಟ್ಟಿ ಅಲ್ಲವೇ? ಗಟ್ಟಿ ಮೂಳೆಯಲ್ಲೇ ಜಾಸ್ತಿ ಬೀಳೋದು ಅಂದರೆ ಅರ್ಥವಾಗಲಿಲ್ಲ.

ಕ್ಲಿಪ್ ಡಾಕ್ಟ್ರು (ಚಿಕ್ಕಬಳ್ಳಾಪುರ)

ಒಳ್ಳೆ ಪ್ರಶ್ನೆ ಮೇಷ್ಟ್ರೇ. ಗಟ್ಟಿ ಅನ್ನೋದೇ ಅಲ್ಲಿ ಮುಳುವಾಗುತ್ತೆ. ಗಟ್ಟಿ ಮೂಳೆಯಲ್ಲಿ ತಿರುಗಿಸುವಾಗ, ಡ್ರಿಲ್ ಮಾಡುವಾಗ ಬಿಸಿ ಏಳುತ್ತೆ. ಒತ್ತಡವೂ ಜಾಸ್ತಿ. ಸ್ಕ್ರೂ ಸುತ್ತಲಿನ ಮೂಳೆ ಆ ಬಿಸಿಗೆ, ಒತ್ತಡಕ್ಕೆ ಸತ್ತು ಕರಗಿದರೆ ಹಿಡಿತ ಹೋಗುತ್ತೆ. ಜೊತೆಗೆ ಕೆಳಗೆ ಆಡದ ವಸಡಿನ ಪಟ್ಟಿ ಮೇಲಿನದಕ್ಕಿಂತ ಕಿರಿದು, ಅನ್ನದ ಅಗುಳು ಎಲ್ಲಾ ಅಲ್ಲೇ ನಿಲ್ಲುತ್ತೆ. ಅದಕ್ಕೆ ಕೆಳಗೆ ಹಾಕುವಾಗ ಮೊದಲೇ ಸಣ್ಣ ತೂತು ಮಾಡಿಕೊಂಡು, ತಣ್ಣಗಿನ ಸಲೈನ್ ಹಾಕ್ತಾ ನಿಧಾನ ಮಾಡ್ತೀವಿ. ಕೆಳದವಡೆಯಲ್ಲಿ ಎರಡು ಪ್ರೀಮೋಲಾರ್ ನಡುವೆ ಅಗಲ ಚೆನ್ನಾಗಿದೆ, ಆದರೆ ಬೇರಿನ ತುದಿಗಳ ಹತ್ತಿರ ಗಲ್ಲದ ನರ ಹೊರಬರೋ ತೂತು ಇರುತ್ತೆ. ತೀರಾ ಕೆಳಕ್ಕೆ ಹೋಗಬಾರದು.

ಗುಬ್ಬಿಯವರ ವಿಷಯ: ಉಜ್ಜೋದೂ ಮುಖ್ಯವೇ. ಆದರೆ ಆಡೋ ವಸಡಲ್ಲಿ ಇದ್ದ ಸ್ಕ್ರೂಗೆ ಬ್ರಷ್ ಒಂದನ್ನೇ ದೂರೋದು ನ್ಯಾಯ ಅಲ್ಲ. ಬೇರಿಗೆ ತೀರಾ ಹತ್ತಿರ ಇದ್ದರೂ ಸಡಿಲ ಆಗುತ್ತೆ, ಅದನ್ನು ಕುರೋಡ ತಂಡ 2007ರಲ್ಲಿ ತೋರಿಸಿದೆ. ಅಗಿಯುವಾಗ ಹಲ್ಲು ಸೂಕ್ಷ್ಮವಾಗಿ ಆಡುತ್ತಲ್ಲ, ಬೇರು ಸ್ಕ್ರೂಗೆ ತಾಗಿಕೊಂಡಿದ್ದರೆ ಪ್ರತಿ ತುತ್ತಿಗೂ ಅದನ್ನು ತಳ್ಳುತ್ತೆ. ಸ್ಕ್ರೂ ಕೂಡ ಕೂತ ಜಾಗದಲ್ಲೇ ಕಲ್ಲಾಗಿ ಇರಲ್ಲ. ತೈವಾನಿನ ಲಿಯೂ 2004ರಲ್ಲಿ 16 ಮಂದಿಯನ್ನು ನೋಡಿ, 7 ಮಂದಿಯಲ್ಲಿ ಸ್ಕ್ರೂ ಎಳೆತಕ್ಕೆ ಸ್ವಲ್ಪ ಸರಿದಿದ್ದನ್ನು ಬರೆದರು. ಅದಕ್ಕೇ ಬೇರಿಂದ 2 ಮಿ.ಮೀ. ದೂರ ಇರಲಿ ಅಂದರು. ಬೇರುಗಳ ನಡುವೆ ಅಷ್ಟು ಎಲ್ಲರಿಗೂ ಸಿಗಲ್ಲ ಅನ್ನೋದು ಬೇರೆ ಮಾತು.

ಪಾವಗಡ ಮೇಷ್ಟ್ರು

ನಮ್ಮ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ನಿಮಗೆಲ್ಲ ಗೊತ್ತೇ ಇದೆ. ಶಾಲೆಯ ಮಕ್ಕಳ ಹಲ್ಲಲ್ಲಿ ಕಂದು ಕಲೆ. ಅಂಥವರಿಗೆ ಈ ಸ್ಕ್ರೂ ಹಾಕಬಹುದೇ?

ಕ್ಲಿಪ್ ಡಾಕ್ಟ್ರು (ಚಿಕ್ಕಬಳ್ಳಾಪುರ)

ಬಾಗೇಪಲ್ಲಿ ಕಡೆಯಿಂದಲೂ ಅಂಥ ಮಕ್ಕಳು ಬರ್ತಾರೆ ಮೇಷ್ಟ್ರೇ. ಕಲೆ ಇರೋದು ಹಲ್ಲಿನ ಎನಾಮಲ್‌ನಲ್ಲಿ. ಅದರ ಮೇಲೆ ಕ್ಲಿಪ್ ಅಂಟಿಸೋದು ಕಷ್ಟ, ಪದೇ ಪದೇ ಕಳಚಿ ಬರುತ್ತೆ. ಸ್ಕ್ರೂ ಹೋಗೋದು ಮೂಳೆಗೆ. ಹಲ್ಲಿನ ಕಲೆ ನೋಡಿ ಸ್ಕ್ರೂ ಬೇಡ ಅನ್ನೋ ಹಾಗಿಲ್ಲ.

ಚಿಂತಾಮಣಿ ಟೊಮ್ಯಾಟೊ

ನಮ್ಮ ತಮ್ಮನಿಗೆ 26. ಅವನಿಗೆ ಬೇರುಗಳ ನಡುವೆ ಅಲ್ಲ, ಕೆನ್ನೆ ಮೂಳೆಗೇ ದೊಡ್ಡ ಸ್ಕ್ರೂ ಹಾಕ್ತೀವಿ ಅಂತ ಬೆಂಗಳೂರಲ್ಲಿ ಹೇಳಿದ್ದಾರೆ. ಹಲ್ಲು ತೆಗೆಯೋದೂ ಬೇಡ, ಇಡೀ ಸಾಲನ್ನೇ ಹಿಂದಕ್ಕೆ ಸರಿಸ್ತೀವಿ ಅಂತಾರೆ. ನಿಜವಾ? ಅವನಿಗೆ ಗುಟ್ಕಾ ಅಭ್ಯಾಸ ಬೇರೆ ಇದೆ.

ಕೋಲಾರದ ಹಳೇ ಕ್ಲಿನಿಕ್

ಈಗ ಇದೇ ಫ್ಯಾಷನ್. ಎರಡು ದಿನದ ಕೋರ್ಸ್ ಮುಗಿಸಿ ಬಂದು ಎಲ್ಲರಿಗೂ ಐಜೆಡ್‌ಸಿ, ಐಜೆಡ್‌ಸಿ ಅಂತಾರೆ. ಆ ಕೆನ್ನೆ ಮೂಳೆ ಜಾಗದ ಇಂಗ್ಲಿಷ್ ಚುಟುಕು ಹೆಸರು ಅದು.

ಕ್ಲಿಪ್ ಡಾಕ್ಟ್ರು (ಚಿಕ್ಕಬಳ್ಳಾಪುರ)

ಫ್ಯಾಷನ್ ಹೌದು, ಆದರೆ ಹುಸಿಯಲ್ಲ ಸರ್. ಅದರ ಗುಣ ಏನಂದರೆ ಸ್ಕ್ರೂ ಬೇರುಗಳ ಹೊರಗಡೆ ಕೂರುತ್ತೆ, ನಡುವೆ ಅಲ್ಲ. ಹಾಗಾಗಿ ಸಾಲು ಹಿಂದಕ್ಕೆ ಹೋಗುವಾಗ ಬೇರು ಬಂದು ಸ್ಕ್ರೂಗೆ ಡಿಕ್ಕಿ ಹೊಡೆಯಲ್ಲ. ಬೇರುಗಳ ನಡುವೆ ಹಾಕಿದ ಸ್ಕ್ರೂನಿಂದ ಇಡೀ ಸಾಲನ್ನು ಎಳೆದರೆ ಸ್ವಲ್ಪ ದೂರಕ್ಕೇ ಬೇರು ಅಡ್ಡ ಬರುತ್ತೆ. ಮೇಲೆ ದವಡೆಹಲ್ಲುಗಳ ಹೊರಗೆ ಕೆನ್ನೆ ಮೂಳೆ ಇಳಿದು ಬರೋ ಏಣು, ಕೆಳಗೆ ಎರಡನೇ ದವಡೆಹಲ್ಲಿನ ಹೊರಗಿನ ಚಪ್ಪಟೆ ಭಾಗ, ಬಕಲ್ ಶೆಲ್ಫ್. ಇವು ಆ ಕೆಲಸದ ಜಾಗ. ಸ್ಕ್ರೂ ಸುಮಾರು 2 ಮಿ.ಮೀ. ದಪ್ಪ, 12 ಅಥವಾ 14 ಮಿ.ಮೀ. ಉದ್ದ.

ಆದರೆ ಮೇಲಿನ ಏಣಿನ ಒಳಗೇ ಸೈನಸ್ ಇದೆ. ಲಿಯೂ ತಂಡ 2007ರಲ್ಲಿ ವಯಸ್ಕರ ಸ್ಕ್ಯಾನ್ ಅಳೆದು, ಮೊದಲ ದವಡೆಹಲ್ಲಿನ ಹತ್ತಿರ ಹಲ್ಲಿನ ಕಚ್ಚುವ ಮಟ್ಟದಿಂದ 14ರಿಂದ 16 ಮಿ.ಮೀ. ಮೇಲೆ, 55ರಿಂದ 70 ಡಿಗ್ರಿ ಓರೆಯಲ್ಲಿ ಹಾಕಬೇಕು ಅಂದಿತು. ಈ ಕೋನ ತಪ್ಪಿದರೆ ಒಂದು ಕಡೆ ಬೇರು, ಇನ್ನೊಂದು ಕಡೆ ಸೈನಸ್. ಇಂಥದ್ದಕ್ಕೆ ಸ್ಕ್ಯಾನ್ ಕೇಳಿದರೆ ನಾನು ಬೇಡ ಅನ್ನಲ್ಲ. ಪಿಜಿಯವರಿಗೆ ಇಷ್ಟನ್ನಾದರೂ ಬಿಟ್ಟುಕೊಡ್ತೀನಿ.

ಚಿಂತಾಮಣಿಯವರೇ, ತಮ್ಮನ ಗುಟ್ಕಾ ವಿಷಯ ಜಾಗಕ್ಕೆ ಸಂಬಂಧಪಟ್ಟಿದ್ದೇ. ಗುಟ್ಕಾ, ಅಡಿಕೆ ಜಾಸ್ತಿ ಹಾಕೋರಿಗೆ ಕೆನ್ನೆ ಒಳಗೆಲ್ಲ ಬಿಗಿದು ಬಾಯಿ ಅಗಲ ತೆರೆಯೋಕೆ ಆಗಲ್ಲ. ಈ ಜಾಗಗಳು ತೀರಾ ಹಿಂದಿವೆ. ಡ್ರೈವರ್ ಬೇಕಾದ ಕೋನಕ್ಕೆ ಬರೋದೇ ಇಲ್ಲ. ಅವನ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತಾ ನೋಡಿ. ಹೋಗಲ್ಲ ಅಂದರೆ ಸ್ಕ್ರೂ ಮಾತು ಆಮೇಲೆ, ಮೊದಲು ಬಾಯಿಯ ರೋಗಕ್ಕೇ ತೋರಿಸಿ. ಹೊಗೆಸೊಪ್ಪು ಬಿಡದೆ ಸ್ಕ್ರೂ ಹಾಕಿಸೋದು ದುಡ್ಡಿಗೆ ದಂಡ.

ಕೆಜಿಎಫ್ ಪಿಜಿ

ಅಂಗುಳದ ಮಾತು ಅರ್ಧಕ್ಕೇ ನಿಂತಿತು. ಅಂಗುಳದ ಮುಂಭಾಗದಲ್ಲಿ ಅಡ್ಡಡ್ಡ ಮಡಿಕೆ ಇವೆಯಲ್ಲ, ನಾಲಿಗೆಗೆ ಸಿಗುತ್ತೆ. ಮೂರನೇ ಮಡಿಕೆಯ ಹಿಂದೆ, ನಡುಗೆರೆಯ ಪಕ್ಕದಲ್ಲಿ ಮೂಳೆ ಚೆನ್ನಾಗಿದೆ, ವಸಡು ತೆಳು, ಬೇರಿನ ಗೊಡವೆ ಇಲ್ಲ. ಸ್ಕ್ರೂ ಬೀಳೋದೂ ಅಲ್ಲಿ ಕಮ್ಮಿ. ಬೆಳೆಯೋ ಮಕ್ಕಳಲ್ಲಿ ನಡುಗೆರೆಯ ಮೂಳೆ ಪೂರ್ತಿ ಕೂಡಿರಲ್ಲ, ಅದಕ್ಕೆ ಪಕ್ಕದಲ್ಲಿ ಹಾಕ್ತಾರೆ. ಬದಿಯ ಇಳಿಜಾರಿನಲ್ಲಿ ಹಾಕೋದಾದರೆ, ಇಳಿಜಾರು ಚಾವಣಿಗೆ ಸೇರೋ ಮೂಲೆಯಲ್ಲಿ ಅಂಗುಳದ ದೊಡ್ಡ ರಕ್ತನಾಳ ಹೋಗುತ್ತೆ. ಅಲ್ಲಿಗೆ ಹೋಗಬಾರದು. ಇಷ್ಟೆಲ್ಲ ಚೆನ್ನಾಗಿದ್ದೂ ಹೊರಗಿಂದ ಎಳೆಯೋ ಹಾಗಿಲ್ಲ ಅನ್ನೋದೇ ತೊಡಕು, ಒಳಗಿಂದ ಬೇರೆ ತಂತಿ ಕಟ್ಟಬೇಕು.

ಎಸ್ಸೆಸ್‌ಪುರಂ ಅಮ್ಮ (ತುಮಕೂರು)

ಎಲ್ಲರಿಗೂ ಧನ್ಯವಾದ. ಯಜಮಾನರಿಗೆ ಪೂರ್ತಿ ಓದಿ ಹೇಳಿದೆ. "ಡಾಕ್ಟ್ರಿಗೆ ಇದನ್ನೆಲ್ಲ ಕೇಳಿದರೆ ಬೈಯಲ್ವಾ?" ಅಂತಾರೆ ಈಗ. ಕೇಳೋದಾದರೆ ಏನು ಕೇಳಲಿ? ಮತ್ತೆ ಪರೀಕ್ಷೆ ಹತ್ತಿರ ಬರ್ತಾ ಇದೆ, ಊಟಕ್ಕೆ ತೊಂದರೆ ಆಗುತ್ತಾ? ಇವಳು ಚಕ್ಕುಲಿ, ಕೋಡುಬಳೆ ಬಿಟ್ಟಿರಲ್ಲ.

ಕ್ಲಿಪ್ ಡಾಕ್ಟ್ರು (ಚಿಕ್ಕಬಳ್ಳಾಪುರ)

ಬೈಯೋರ ಹತ್ತಿರ ಹಾಕಿಸಬೇಡಿ, ಅಷ್ಟೇ. ಮೆಲ್ಲಗೆ ಕೇಳಿ: "ಸಾರ್, ಈ ಜಾಗದ್ದು ಈಗಿನ ಸಣ್ಣ ಎಕ್ಸ್‌ರೇ ಒಂದು ತೆಗೀತೀರಾ?" ಫಿಲ್ಮ್ ಬಂದ ಮೇಲೆ ಎರಡು ಬೇರು, ನಡುವಿನ ಜಾಗ ತೋರಿಸಿ ಅನ್ನಿ. ಒಳ್ಳೆ ಡಾಕ್ಟ್ರಾದರೆ ಖುಷಿಯಿಂದ ತೋರಿಸ್ತಾರೆ. ಜಾಗ ಸಾಲದು ಅಂತ ಅವರೇ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಬೇರುಗಳನ್ನು ತಂತಿಯಲ್ಲೇ ಸ್ವಲ್ಪ ಅಗಲಿಸಿ ಆಮೇಲೆ ಹಾಕಬಹುದು, ಅಥವಾ ಬೇರೆ ಜಾಗ ನೋಡಬಹುದು. ಸಕ್ಕರೆ ಕಾಯಿಲೆ, ರಕ್ತ ಹೆಪ್ಪುಗಟ್ಟದ ತೊಂದರೆ, ದಿನಾ ತಗೊಳ್ಳೋ ಮಾತ್ರೆ ಏನಾದರೂ ಇದ್ದರೆ ಮೊದಲೇ ಹೇಳಿ. ಸ್ಕ್ರೂ ಬಿದ್ದರೆ ಮತ್ತೆ ಹಾಕೋಕೆ ಬೇರೆ ದುಡ್ಡಾ ಅನ್ನೋದನ್ನೂ ಈಗಲೇ ಕೇಳಿಬಿಡಿ. ಆಮೇಲೆ ಕೇಳಿದರೆ ಇಬ್ಬರಿಗೂ ಮುಜುಗರ.

ಹಾಕಿದ ದಿನ ಒಂದು ನೋವಿನ ಮಾತ್ರೆ ಸಾಕಾಗುತ್ತೆ ಹೆಚ್ಚಿನವರಿಗೆ. ಮೆದು ಬ್ರಷ್‌ನಲ್ಲಿ ಸ್ಕ್ರೂ ತಲೆ ಸುತ್ತ ಉಜ್ಜಬೇಕು. ಕ್ಲೋರ್‌ಹೆಕ್ಸಿಡಿನ್ ಕೊಟ್ಟರೆ ಅವರು ಹೇಳಿದಷ್ಟು ದಿನ ಮಾತ್ರ, ಜಾಸ್ತಿ ಬಳಸಿದರೆ ಹಲ್ಲಿಗೆ ಕಲೆ ಹಿಡಿಯುತ್ತೆ. ನಾಲಿಗೆಯಲ್ಲಿ, ಬೆರಳಲ್ಲಿ ಸ್ಕ್ರೂ ಆಡಿಸೋ ಚಟ ಬೇಡ.

ಚಕ್ಕುಲಿ, ಕೋಡುಬಳೆಯಿಂದ ಸ್ಕ್ರೂಗಿಂತ ಮೊದಲು ಕ್ಲಿಪ್ಪೇ ಕಿತ್ತು ಬರುತ್ತೆ. ಮುದ್ದೆ ತಿನ್ನಿಸಿ. ಕ್ಲಿಪ್ ಹಾಕಿದವರಿಗೆ ಅದಕ್ಕಿಂತ ಒಳ್ಳೆ ಊಟ ಇಲ್ಲ, ಅಗಿಯೋದೇ ಬೇಡವಲ್ಲ.

ಗುಬ್ಬಿ ಹುಡುಗ

ತಟ್ಟೆ ಇಡ್ಲಿನೂ ಆಗುತ್ತೆ ಅಕ್ಕ, ಕ್ಯಾತ್ಸಂದ್ರ ಪಕ್ಕದಲ್ಲೇ ಇದೆ.

ಶಿರಾ ಸೊಸೆ

ಮಧ್ಯೆ ಬಾಯಿ ಹಾಕ್ತಾ ಇದ್ದೀನಿ, ಕ್ಷಮಿಸಿ. ಈ ಸ್ಕ್ರೂ ಆಮೇಲೆ ತೆಗೀತಾರಾ, ಇಲ್ಲ ಮೂಳೆಯಲ್ಲೇ ಇರುತ್ತಾ? ತೆಗೆಯುವಾಗ ಮತ್ತೆ ಕೊಯ್ಯಬೇಕಾ?

ಕೆಜಿಎಫ್ ಪಿಜಿ

ತೆಗೀತಾರೆ. ಹಲ್ಲು ಕಟ್ಟಿಸೋ ಇಂಪ್ಲಾಂಟ್ ಥರ ಇದು ಮೂಳೆ ಜೊತೆ ಪೂರ್ತಿ ಬೆಸೆದುಕೊಳ್ಳಲಿ ಅಂತ ಹಾಕೋದಲ್ಲ, ಬಿಗಿಯ ಮೇಲೇ ನಿಂತಿರುತ್ತೆ. ಅದೇ ಡ್ರೈವರಲ್ಲಿ ಉಲ್ಟಾ ತಿರುಗಿಸಿದರೆ ಬರುತ್ತೆ. ಎಷ್ಟೋ ಸಲ ಮರಗಟ್ಟಿಸೋದೂ ಬೇಕಾಗಲ್ಲ. ಹೊಲಿಗೆ ಇಲ್ಲ. ವಸಡಿನ ತೂತು ಕೆಲವು ದಿನದಲ್ಲಿ ಮುಚ್ಚಿಕೊಳ್ಳುತ್ತೆ.

ಎಸ್ಸೆಸ್‌ಪುರಂ ಅಮ್ಮ (ತುಮಕೂರು)

ಸೋಮವಾರ ಅಪಾಯಿಂಟ್‌ಮೆಂಟ್ ಇದೆ. ಸಣ್ಣ ಎಕ್ಸ್‌ರೇ ಕೇಳ್ತೀನಿ. ಯಜಮಾನರೂ ಬರ್ತಾರಂತೆ, ಫಿಲ್ಮ್ ಅವರೇ ನೋಡಬೇಕಂತೆ.